ಫುನಾಫುತಿಯಲ್ಲಿ ಆರು ದಿನ: ನೀರಿನ ಪಾಠ ಕಲಿಯಲು ಹೋಗುವವರಿಗೆ

ಪ್ರಶ್ನೆ: ಬೆಂಗಳೂರಿನಲ್ಲಿ ಮಳೆನೀರು ಕೊಯ್ಲಿನ ಕೆಲಸ ಮಾಡುತ್ತೇನೆ, ಊರು ಕುಮಟಾ ಹತ್ತಿರ. ಪೆಸಿಫಿಕ್ ಸಾಗರದ ತುವಾಲು ದೇಶದಲ್ಲಿ ಮಳೆ ಬಿಟ್ಟರೆ ಬೇರೆ ನೀರೇ ಇಲ್ಲ ಎಂದು ಓದಿದ್ದೇನೆ. ಫಿಜಿಗೆ ಹೋಗುವ ಅವಕಾಶ ಬಂದಿದೆ. ಅಲ್ಲಿಂದ ಪತ್ನಿಯ ಜೊತೆ ರಾಜಧಾನಿ ಫುನಾಫುತಿಗೆ ಹೋಗಿ ಐದಾರು ದಿನ ಇದ್ದು ಬರುವ ಯೋಚನೆ. ಇಬ್ಬರೂ ಸಸ್ಯಾಹಾರಿಗಳು. ಯಾವಾಗ ಹೋಗಬೇಕು, ಏನೇನು ಒಯ್ಯಬೇಕು, ಅಲ್ಲಿ ಏನು ನೋಡಿದರೆ ಕಲಿಯುವುದಕ್ಕಾಗುತ್ತದೆ, ಎಲ್ಲಿ ಎಡವುತ್ತೇವೆ?

ಉತ್ತರ: ಖಂಡಿತ ಹೋಗಿ. ಆದರೆ ಒಂದು ಮಾತು ಮೊದಲೇ ತಲೆಯಲ್ಲಿರಲಿ. ತುವಾಲುವಿನ ಒಂಬತ್ತು ದ್ವೀಪಗಳ ನೆಲವನ್ನೆಲ್ಲ ಕೂಡಿಸಿದರೂ ಸುಮಾರು 26 ಚದರ ಕಿಲೋಮೀಟರ್, ಜನ ಹನ್ನೊಂದು ಸಾವಿರದ ಆಸುಪಾಸು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಫುನಾಫುತಿಯಲ್ಲಿದ್ದಾರೆ, ಅಲ್ಲಿಯೂ ಬಹುಪಾಲು ಫೊಂಗಾಫಾಲೆ ಎಂಬ ಒಂದೇ ಪಟ್ಟಿಯ ಮೇಲೆ. ಉದ್ದ ಸುಮಾರು 12 ಕಿಲೋಮೀಟರ್. ಅಗಲ ಕೆಲವು ಕಡೆ ರಸ್ತೆಯ ಎರಡೂ ಬದಿಗೆ ಕಡಲು ಕಾಣುವಷ್ಟೇ. ಅಂಥ ಜಾಗದಲ್ಲಿ ನೀವು ಕುಡಿಯುವ ನೀರು, ಬಿಟ್ಟು ಬರುವ ಕಸ, ವಿಮಾನದಲ್ಲಿ ತುಂಬುವ ಕಿಲೋಗಳು ಎಲ್ಲವೂ ಇನ್ನೊಬ್ಬರ ಪಾಲಿನಿಂದ ಬಂದದ್ದು. ತಯಾರಿಯನ್ನೆಲ್ಲ ಈ ಲೆಕ್ಕದ ಮೇಲೆ ಮಾಡಿ.

ಮೊದಲು ದಾರಿ. ಫುನಾಫುತಿಗೆ ವಿಮಾನ ಹೋಗುವುದು ಮುಖ್ಯವಾಗಿ ಫಿಜಿಯ ಸುವಾದಿಂದ. ಸುವಾದ ವಿಮಾನ ನಿಲ್ದಾಣ ಇರುವುದು ಊರಿಂದ ಇಪ್ಪತ್ತು ಕಿಲೋಮೀಟರ್ ಮೇಲೆ, ನೌಸೊರಿಯಲ್ಲಿ. ಬೆಂಗಳೂರಿನಿಂದ ಸಿಂಗಾಪುರ, ಅಲ್ಲಿಂದ ಫಿಜಿಯ ಇನ್ನೊಂದು ತುದಿಯ ನಾಂದಿ, ನಾಂದಿಯಿಂದ ನೌಸೊರಿಗೆ ಅರ್ಧ ಗಂಟೆಯ ಪುಟ್ಟ ವಿಮಾನ ಅಥವಾ ಸುವಾವರೆಗೆ ನಾಲ್ಕೈದು ಗಂಟೆಯ ಬಸ್ಸು. ಸಿಡ್ನಿ ಮೂಲಕ ಹೋಗುವುದಾದರೆ ಭಾರತೀಯ ಪಾಸ್‌ಪೋರ್ಟ್‌ನವರಿಗೆ ಆಸ್ಟ್ರೇಲಿಯಾದ ಟ್ರಾನ್ಸಿಟ್ ವೀಸಾ ಬೇಕು. ಟಿಕೆಟ್ ಅಗ್ಗ ಎಂದು ಆ ದಾರಿ ಹಿಡಿದು ಚೆಕ್-ಇನ್ ಕೌಂಟರ್‌ನಲ್ಲಿ ತಡೆಸಿಕೊಂಡವರು ಕಮ್ಮಿಯಿಲ್ಲ. ತುವಾಲು ಬಂದಿಳಿದ ಮೇಲೆ ಒಂದು ತಿಂಗಳ ಸಂದರ್ಶಕ ಪರವಾನಗಿ ಕೊಡುತ್ತದೆ, ಶುಲ್ಕ ನಗದಿನಲ್ಲಿ. ವಾಪಸ್ ಟಿಕೆಟ್ ಮತ್ತು ಉಳಿಯುವ ಜಾಗದ ಬುಕಿಂಗನ್ನು ಕಾಗದದಲ್ಲಿ ಮುದ್ರಿಸಿ ಇಟ್ಟುಕೊಳ್ಳಿ. ವೀಸಾ ನಿಯಮಗಳು ಬದಲಾಗುತ್ತಿರುತ್ತವೆ. ತುವಾಲು ವ್ಯವಹಾರಗಳನ್ನೂ ಸುವಾದಲ್ಲಿರುವ ಭಾರತೀಯ ಹೈಕಮಿಷನ್ನೇ ನೋಡಿಕೊಳ್ಳುವುದರಿಂದ, ಹೊರಡುವ ತಿಂಗಳಲ್ಲಿ ಒಮ್ಮೆ ಅಲ್ಲಿ ಕೇಳಿ ಖಾತರಿ ಮಾಡಿಕೊಳ್ಳಿ.

ನೌಸೊರಿಯಿಂದ ಫುನಾಫುತಿಗೆ ಸಾವಿರ ಕಿಲೋಮೀಟರ್ ಮೀರಿದ ದೂರ, ಎಟಿಆರ್-72 ವಿಮಾನದಲ್ಲಿ ಎರಡೂವರೆ ಗಂಟೆ. ಇದು ದಿನವೂ ಇಲ್ಲ, ವಾರದಲ್ಲಿ ಕೆಲವೇ ದಿನ. ಎಡವುವುದೆಲ್ಲ ಇಲ್ಲಿಂದಲೇ ಶುರು. ಅಲ್ಲಿ ಇಳಿಯಲು ಆಗದಿದ್ದರೆ ಸಮೀಪದಲ್ಲಿ ಬೇರೆ ನಿಲ್ದಾಣವಿಲ್ಲ, ವಿಮಾನ ತಿರುಗಿ ಬರುವಷ್ಟು ಇಂಧನ ಹೊತ್ತೇ ಹೊರಡಬೇಕು. ಇಂಧನದ ತೂಕ ಏರಿದಷ್ಟೂ ಲಗೇಜಿನ ತೂಕ ಇಳಿಯಬೇಕು. ಹಾಗಾಗಿ ಪ್ರಯಾಣಿಕರು ಹೋಗಿ ಅವರ ಚೀಲ ಮುಂದಿನ ವಿಮಾನಕ್ಕೆ ಉಳಿಯುವುದು ಆಗಾಗ ಆಗುವ ಸಂಗತಿ. ಮುಂದಿನ ವಿಮಾನ ಎಂದರೆ ಎರಡು ಮೂರು ದಿನ. ದಿನವೂ ನುಂಗುವ ಮಾತ್ರೆ, ಒಂದು ಜೊತೆ ಬಟ್ಟೆ, ಚಾರ್ಜರ್, ಹಣ, ನೀರು ಸೋಸುವ ಬಾಟಲಿ, ಒಂದು ದಿನದ ತಿಂಡಿ ಇವೆಲ್ಲ ಕೈಚೀಲದಲ್ಲೇ ಇರಬೇಕು. ಚೆಕ್-ಇನ್ ಚೀಲವನ್ನು ಅನುಮತಿಗಿಂತ ಐದು ಕಿಲೋ ಕಮ್ಮಿಯೇ ಇಡಿ.

ವಾಪಸ್ ಬರುವಾಗ ಫುನಾಫುತಿಯಿಂದ ಬರುವ ದಿನಕ್ಕೂ ನಾಂದಿಯಿಂದ ಹಾರುವ ದಿನಕ್ಕೂ ನಡುವೆ ಕನಿಷ್ಠ ಮೂರು ದಿನದ ಅಂತರ ಬಿಡಿ. ಮಳೆಗಾಲದಲ್ಲಾದರೆ ನಾಲ್ಕು. ವಿಮಾನ ರದ್ದಾದರೆ ಪರ್ಯಾಯ ಎಂದರೆ ಹಡಗು, ಅದಕ್ಕೆ ದಿನಗಟ್ಟಲೆ ಹಿಡಿಯುತ್ತದೆ, ಹೊರಡುವ ದಿನವೂ ನಿಮ್ಮ ಕೈಯಲ್ಲಿಲ್ಲ. ಇದೇ ಕಾರಣಕ್ಕೆ ಹೊರದ್ವೀಪಗಳ ಆಸೆಯನ್ನು ಈ ಸಲ ಬಿಟ್ಟುಬಿಡಿ. ನುಕುಫೆತಾವು, ವೈತುಪು ಎಲ್ಲ ಚೆಂದದ ಜಾಗಗಳೇ, ಆದರೆ ಅಲ್ಲಿಗೆಲ್ಲ ಹೋಗಿ ಬರಲು ಸರ್ಕಾರಿ ಹಡಗನ್ನೇ ನಂಬಬೇಕು. ಆರು ದಿನದ ಪ್ರವಾಸಿಗೆ ಅದು ಆಗದ ಕೆಲಸ.

ಯಾವಾಗ ಹೋಗಬೇಕು ಎಂಬುದಕ್ಕೆ ನಿಮ್ಮಂಥವರಿಗೆ ಎರಡು ಉತ್ತರಗಳಿವೆ. ಸೆಕೆ ವರ್ಷವಿಡೀ ಒಂದೇ ಬಗೆ, ನೆರಳಲ್ಲಿ 28 ರಿಂದ 31 ಡಿಗ್ರಿ. ಮೇಯಿಂದ ಅಕ್ಟೋಬರ್‌ವರೆಗೆ ಪೂರ್ವದ ಗಾಳಿ ಬೀಸಿ ಹಿತವಾಗಿರುತ್ತದೆ, ದೋಣಿ ಸವಾರಿಗೂ ಒಳಗಡಲು (ಹವಳದ ದ್ವೀಪಗಳು ಸುತ್ತುವರಿದ ಕಡಲು) ನೋಡಲಿಕ್ಕೂ ಆ ಕಾಲ ಸರಿ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆಯೂ ಹೆಚ್ಚು, ಚಂಡಮಾರುತದ ಕಾಲವೂ ಅದೇ. ಆದರೆ ನೆಲದೊಳಗಿನಿಂದ ಉಪ್ಪುನೀರು ಉಕ್ಕುವುದನ್ನು ಕಣ್ಣಾರೆ ನೋಡಬೇಕೆಂದರೆ ಜನವರಿಯಿಂದ ಮಾರ್ಚ್‌ವರೆಗಿನ ದೊಡ್ಡ ಉಬ್ಬರದ ದಿನಗಳೇ ಆಗಬೇಕು, ಅದರಲ್ಲೂ ಫೆಬ್ರವರಿಯ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಎರಡು ಮೂರು ದಿನ. ಎಲ್ಲ ಪಕ್ಷದಲ್ಲೂ ಅಷ್ಟು ನೀರು ಏರುವುದಿಲ್ಲ. ಚಂದ್ರ ಭೂಮಿಗೆ ಹತ್ತಿರ ಇರುವ ಪಕ್ಷದಲ್ಲಿ ಏರುತ್ತದೆ. ಫುನಾಫುತಿಯ ಉಬ್ಬರ ಪಟ್ಟಿಯನ್ನು ಆಸ್ಟ್ರೇಲಿಯಾದ ಹವಾಮಾನ ಇಲಾಖೆ ಪ್ರಕಟಿಸುತ್ತದೆ. ಟಿಕೆಟ್ ತೆಗೆಯುವ ಮುನ್ನ ಅದನ್ನು ನೋಡಿ ದಿನ ಗೊತ್ತು ಮಾಡಿ.

ಈಗ ನಿಮ್ಮ ವಿಷಯಕ್ಕೆ ಬರೋಣ, ನೀರಿಗೆ. ಫುನಾಫುತಿಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಬೆಂಗಳೂರಿನ ಮೂರೂವರೆ ಪಟ್ಟು ಮಳೆ ಬೀಳುವ ಊರಲ್ಲಿ ನೀರಿನ ತುರ್ತು ಪರಿಸ್ಥಿತಿ ಹೇಗೆ ಬಂತು? 2011ರ ಸೆಪ್ಟೆಂಬರ್ ಕೊನೆಯಲ್ಲಿ ತುವಾಲು ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿತು, ರಾಜಧಾನಿಯಲ್ಲಿ ಒಂದು ಮನೆಗೆ ದಿನಕ್ಕೆ ಎರಡು ಬಕೆಟ್, ಅಂದರೆ ಸುಮಾರು 40 ಲೀಟರ್ ಎಂದು ಅಳೆದು ಕೊಡಬೇಕಾಯಿತು. ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾ ಉಪ್ಪು ತೆಗೆಯುವ ಯಂತ್ರಗಳನ್ನು ವಿಮಾನದಲ್ಲಿ ತಂದಿಳಿಸಿದವು. ಕಾರಣ ಲಾ ನಿನಾ, ಅಂದರೆ ಪೆಸಿಫಿಕ್‌ನ ನಡು ಮತ್ತು ಪೂರ್ವ ಭಾಗದ ನೀರು ವಾಡಿಕೆಗಿಂತ ತಣ್ಣಗಾಗುವ ಸ್ಥಿತಿ. ನಮಗೆ ಸಾಮಾನ್ಯವಾಗಿ ಒಳ್ಳೆಯ ಮುಂಗಾರು ತರುವ ಲಾ ನಿನಾ ಅಲ್ಲಿ ಮಳೆಯನ್ನು ಪಶ್ಚಿಮಕ್ಕೆ ಎಳೆದುಕೊಂಡು ಹೋಗುತ್ತದೆ. ಅದೇ ಹೊತ್ತಿಗೆ ಪಶ್ಚಿಮ ಪೆಸಿಫಿಕ್‌ನಲ್ಲಿ ಕಡಲ ಮಟ್ಟವೂ ಸ್ವಲ್ಪ ಏರುತ್ತದೆ. ಮೇಲಿನ ನೀರು ನಿಂತಾಗಲೇ ಕೆಳಗಿನ ಉಪ್ಪು ಏರುವುದು ಅಲ್ಲಿಯವರ ಪಾಡು.

ಒಂದು ಮನೆಯ ಲೆಕ್ಕ ಹಿಡಿಯಿರಿ. ತಗಡಿನ ಮಾಡು (ಛಾವಣಿ) 60 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. ಶೇಕಡಾ 80 ಕೈಗೆ ಬಂತೆಂದರೆ ವರ್ಷಕ್ಕೆ 1,68,000 ಲೀಟರ್. ಮನೆಯಲ್ಲಿ ಏಳು ಮಂದಿ, ತಲೆಗೆ ದಿನಕ್ಕೆ 50 ಲೀಟರ್ ಎಂದರೆ ದಿನಕ್ಕೆ 350, ವರ್ಷಕ್ಕೆ 1,27,750. ಕಾಗದದ ಮೇಲೆ ಮಿಗುತ್ತದೆ. ಆದರೆ ಅಲ್ಲಿ ಮನೆಗಳ ಪಕ್ಕ ಕಾಣುವ ಟ್ಯಾಂಕು ಸಾಮಾನ್ಯವಾಗಿ 10,000 ಲೀಟರ್‌ನದು, ಅದು ತುಂಬಿದ್ದರೂ 28 ದಿನಕ್ಕೆ ಬರಿದು. ಹಾಗಾಗಿ ಅಲ್ಲಿ ಮಳೆ ಬೀಳದ ಸತತ ದಿನಗಳೆಷ್ಟು ಎಂಬುದೇ ಲೆಕ್ಕ, ವರ್ಷದ ಮೊತ್ತ ಏನನ್ನೂ ಹೇಳುವುದಿಲ್ಲ. ಬೆಂಗಳೂರಿನಲ್ಲಿ ನಾವು ಮಾಡು ನೋಡಿ ಟ್ಯಾಂಕು ಕಟ್ಟುತ್ತೇವೆ, ಮಿಕ್ಕದ್ದನ್ನು ಇಂಗುಗುಂಡಿಗೆ ಬಿಡುತ್ತೇವೆ, ಕೊರತೆಯಾದರೆ ಕಾವೇರಿ ಅಥವಾ ಟ್ಯಾಂಕರ್ ಇದೆ. ಅಲ್ಲಿ ಇಂಗಿಸಿದ್ದು ಸಿಕ್ಕುವುದಿಲ್ಲ, ಟ್ಯಾಂಕರ್ ತುಂಬಿಕೊಳ್ಳಲಿಕ್ಕೂ ನದಿ ಕೆರೆಗಳಿಲ್ಲ.

ಸೋರಿಹೋಗುವುದು ಎಲ್ಲಿ ಎಂದು ನೋಡಿ, ನಿಮ್ಮ ಕಣ್ಣಿಗೆ ಬೇಗ ಬೀಳುತ್ತದೆ. ಟ್ಯಾಂಕು ಗಟ್ಟಿಯಾಗಿರುತ್ತದೆ, ಮಾಡಿನ ಅಂಚಿನಲ್ಲಿ ನೀರು ಹಿಡಿಯುವ ದೋಣಿ ಪೈಪು ಕೈಕೊಟ್ಟಿರುತ್ತದೆ. ಮಾಡಿನ ಒಂದು ಬದಿಗೆ ಮಾತ್ರ ದೋಣಿ ಇರುವ ಮನೆ ಅರ್ಧ ನೀರನ್ನು ಅಲ್ಲೇ ಕಳೆದುಕೊಂಡಿತು. ಕಡಲ ಉಪ್ಪುಗಾಳಿಗೆ ಕಬ್ಬಿಣದ ಕೊಕ್ಕೆ ತುಕ್ಕು ಹಿಡಿದು ಒಂದು ಜಾರಿದರೆ ದೋಣಿ ನಡುವೆ ಜೋಲುತ್ತದೆ, ನೀರು ಟ್ಯಾಂಕಿನ ಕಡೆ ಹೋಗದೆ ಅಲ್ಲೇ ತುಳುಕುತ್ತದೆ. ಪಿವಿಸಿ ದೋಣಿಯಾದರೆ ಬಿಸಿಲಿಗೆ ಗಡುಸಾಗಿ ಜೋಡಣೆಯಲ್ಲಿ ಸೀಳು ಬಿಡುತ್ತದೆ. ಮಾಡಿನ ಅಂಚು ದೋಣಿಯ ಒಳಗೆ ಐದು ಸೆಂಟಿಮೀಟರ್‌ನಷ್ಟಾದರೂ ಚಾಚದಿದ್ದರೆ ಸಣ್ಣ ಮಳೆಯ ನೀರು ತಗಡಿನ ಅಡಿಗೆ ಅಂಟಿಕೊಂಡು ಗೋಡೆಗೆ ಇಳಿಯುತ್ತದೆ. ಜೋರು ಮಳೆ ದೋಣಿಯನ್ನೇ ಹಾರಿಹೋಗುತ್ತದೆ. ಮೊದಲ ಮಳೆಯ ಕೊಳೆ ತಳ್ಳಲು ಅರ್ಧದಿಂದ ಒಂದು ಮಿಲಿಮೀಟರ್‌ನಷ್ಟು ಬಿಟ್ಟರೆ ಸಾಕು. 60 ಚದರ ಮೀಟರ್ ಮಾಡಿಗೆ ಅದು 30 ರಿಂದ 60 ಲೀಟರ್. ಬರಗಾಲದಲ್ಲಿ ಆ 60 ಲೀಟರನ್ನೂ ಬಿಡಲು ಮನಸ್ಸು ಬಾರದೆ ಜನ ಆ ಪೈಪನ್ನೇ ಮುಚ್ಚಿಬಿಡುತ್ತಾರೆ, ಹಕ್ಕಿ ಹಿಕ್ಕೆ ಟ್ಯಾಂಕಿಗೆ ಹೋಗುತ್ತದೆ. ಟ್ಯಾಂಕಿನ ಬಾಯಿಗೆ ಬಲೆ ಹರಿದಿದ್ದರೆ ಸೊಳ್ಳೆ. ತುವಾಲುವಿನಲ್ಲಿ ಮಲೇರಿಯಾ ಇಲ್ಲ, ಡೆಂಗಿ ಇದೆ.

ಬರೀ ಕೇಳಿ ಬರಬೇಡಿ, ಅಳೆದು ಬನ್ನಿ. ನೀರಿನಲ್ಲಿ ಕರಗಿದ ಉಪ್ಪನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ತೋರಿಸುವ, ಜೇಬಿನಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ಒಯ್ಯಿರಿ, ಎರಡು ಜೊತೆ ಬ್ಯಾಟರಿ, ತೊಳೆಯಲು ಒಂದು ಪುಟ್ಟ ಬಾಟಲಿ ಶುದ್ಧ ನೀರು. ಮಾಡಿನ ನೀರು ಐವತ್ತರೊಳಗೆ ತೋರಿಸಬೇಕು. ಕಡಲ ಹತ್ತಿರದ ಟ್ಯಾಂಕಿನಲ್ಲಿ ಇನ್ನೂರು ಮುನ್ನೂರು ಕಂಡರೆ ಉಪ್ಪುಗಾಳಿ ತಗಡಿನ ಮೇಲೆ ಕೂತದ್ದು ಇಳಿದಿದೆ ಅಥವಾ ಬೇರೆ ನೀರು ಬೆರೆತಿದೆ. ನೆಲದ ಗುಂಡಿಯ ನೀರು ಒಂದೂವರೆ ಸಾವಿರ ದಾಟಿದರೆ ಅದನ್ನು ಸಿಹಿನೀರಿನ ಲೆಕ್ಕಕ್ಕೆ ಹಿಡಿಯಬಾರದು. ಕಡಲ ನೀರಿಗೆ ಅಗ್ಗದ ಮೀಟರ್ ಅದ್ದಬೇಡಿ; ಅದರ ಅಳತೆ ಮೀರುತ್ತದೆ, ಕಡ್ಡಿಗೆ ಉಪ್ಪು ಹಿಡಿದು ಮುಂದಿನ ಅಳತೆಯೂ ಸುಳ್ಳಾಗುತ್ತದೆ. ಯಾರ ಟ್ಯಾಂಕನ್ನೇ ಅಳೆಯುವುದಾದರೂ ಮನೆಯವರನ್ನು ಕೇಳಿ, ಬಂದ ಅಂಕೆ ಅವರಿಗೆ ತೋರಿಸಿ.

ನೆಲದಡಿಯ ನೀರಿನ ಕತೆ ಕುಮಟಾದವರಿಗೆ ಬೇಗ ಅರ್ಥವಾಗುತ್ತದೆ, ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಅಘನಾಶಿನಿ ನದಿ ಕಡಲು ಸೇರುವಲ್ಲಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರು ಬರುವುದು ಬದಿಯಿಂದ. ಕಟ್ಟೆ ಹಾಕಿ, ಜಂತ್ರಡಿ ಹಲಗೆ (ತೂಬಿನ ಬಾಗಿಲು) ಇಳಿಸಿದರೆ ತಡೆಯಬಹುದು, ಉಪ್ಪು ತಾಳುವ ಕಗ್ಗ ಭತ್ತ ಬೆಳೆಯಬಹುದು. ಫುನಾಫುತಿಯ ನೆಲ ಹವಳದ ಚೂರು ಮತ್ತು ಮರಳು, ಜರಡಿಯಂತೆ ತೂತು. ಮಳೆಯ ಸಿಹಿನೀರು ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತದೆ. ಸಮುದ್ರ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತರೆ ಕೆಳಗೆ ಸುಮಾರು ನಲವತ್ತು ಅಡಿ ಇರಬೇಕು ಎಂಬುದು ಪುಸ್ತಕದ ಸೂತ್ರ. ಪಟ್ಟಿ ಇಷ್ಟು ಕಿರಿದಾದಾಗ, ದಿನಕ್ಕೆರಡು ಸಲ ಉಬ್ಬರ ಇಳಿತ ಅಡಿಯಿಂದ ಕಲಕುತ್ತಿರುವಾಗ ಆ ಸೂತ್ರ ನಿಲ್ಲುವುದಿಲ್ಲ. ಪದರ ಬೆರೆತು ಸವುಳಾಗುತ್ತದೆ. ಮೇಲಿಂದ ಸಾವಿರಾರು ಜನರ ಸೆಪ್ಟಿಕ್ ಗುಂಡಿಗಳು ಬೇರೆ. ಹಾಗಾಗಿ ಫೊಂಗಾಫಾಲೆಯಲ್ಲಿ ಬಾವಿ ನೀರು ಕುಡಿಯಲು ಬರುವುದಿಲ್ಲ. ದೊಡ್ಡ ಉಬ್ಬರದ ದಿನ ಅಲೆ ದಂಡೆ ಹಾರುವ ಮೊದಲೇ ದ್ವೀಪದ ನಡುವೆ, ರನ್‌ವೇ ಪಕ್ಕದ ತಗ್ಗಿನಲ್ಲಿ, ಹುಲ್ಲಿನ ನಡುವೆ ಗುಳ್ಳೆ ಗುಳ್ಳೆಯಾಗಿ ನೀರು ಏಳುತ್ತದೆ. ಇಂಥ ಕಡೆ ಕಟ್ಟೆಯೊಂದೇ ಏನು ಮಾಡೀತು? ತುವಾಲು ಸರ್ಕಾರ ಕೊನೆಗೆ ಹಿಡಿದ ದಾರಿ ನೆಲವನ್ನೇ ಎತ್ತರಿಸುವುದು: ಒಳಗಡಲಿನಿಂದ ಮರಳು ಎತ್ತಿ ಫೊಂಗಾಫಾಲೆಯ ದಂಡೆಯಲ್ಲಿ ಸುಮಾರು ಏಳು ಹೆಕ್ಟೇರ್ ಹೊಸ ನೆಲ ಮಾಡಿದ್ದಾರೆ, ಮುಖ್ಯ ಕೆಲಸ 2023ರ ಕೊನೆಗೆ ಮುಗಿಯಿತು. ಊರ ನಡುವಿನಿಂದ ನಡೆದೇ ಹೋಗಬಹುದು. ಹೊಸ ನೆಲ ಮತ್ತು ಹಳೆ ನೆಲದ ಎತ್ತರದ ವ್ಯತ್ಯಾಸವನ್ನು ಅಲ್ಲಿ ನಿಂತು ನೋಡಬೇಕು.

ಇನ್ನೊಂದು ನೋಡಲೇಬೇಕಾದದ್ದು ಪುಲಾಕ ಗುಂಡಿ. ಪುಲಾಕ ನಮ್ಮ ಕೆಸುವಿನ ದೊಡ್ಡ ನೆಂಟ, ಎಲೆ ಆಳೆತ್ತರ. ಸಿಹಿನೀರಿನ ಪದರ ಮುಟ್ಟುವವರೆಗೆ ಎರಡು ಮೂರು ಮೀಟರ್ ಅಗೆದು, ತಳದ ಕೆಸರಿನಲ್ಲಿ ಗೆಡ್ಡೆ ನೆಟ್ಟು, ಕೇದಗೆ ಜಾತಿಯ ಮುಂಡಿಗೆ ಎಲೆಯ ಬೇಲಿ ಸುತ್ತಿ ಅದರೊಳಗೆ ಸೊಪ್ಪು ಕೊಳೆಸುತ್ತಾರೆ. ಮಣ್ಣಿಲ್ಲದ ಹವಳದ ಮೇಲೆ ತಲೆತಲಾಂತರದಿಂದ ಸೊಪ್ಪು ಹಾಕಿ ಮಣ್ಣು ಮಾಡಿದ ಜನ ಅವರು. ಗೆಡ್ಡೆ ಬಲಿಯಲು ವರ್ಷಗಳೇ ಹಿಡಿಯುತ್ತವೆ. ಉಪ್ಪು ನುಗ್ಗಿದರೆ ಮೊದಲು ಎಲೆಯ ಅಂಚು ಕಂದಾಗಿ ಸುಡುತ್ತದೆ, ಆಮೇಲೆ ಎಲೆ ಹಳದಿ, ಕಿತ್ತು ನೋಡಿದರೆ ಗೆಡ್ಡೆಯ ಬುಡ ಮೆತ್ತಗೆ ಕೊಳೆತಿರುತ್ತದೆ. ಒಂದು ಉಬ್ಬರಕ್ಕೆ ಹಲವು ವರ್ಷದ ಬೆಳೆ ಹೋಗುತ್ತದೆ. ಫೊಂಗಾಫಾಲೆಯಲ್ಲಿ ಬಿಟ್ಟುಹೋದ ಗುಂಡಿಗಳೇ ಹೆಚ್ಚು; ಬಿಟ್ಟ ಗುಂಡಿ ಮತ್ತು ಬೆಳೆ ಇರುವ ಗುಂಡಿ ಎರಡರಲ್ಲೂ ಮೀಟರ್ ಅದ್ದಿ ನೋಡಿ. ಗುಂಡಿ ಮನೆತನದ ಆಸ್ತಿ, ಕೇಳದೆ ಇಳಿಯಬಾರದು.

ಅಲ್ಲಿಗೆ ಬರುವವರು ಬಹಳ ಮಂದಿ ಮುಳುಗುತ್ತಿರುವ ದ್ವೀಪದ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಅಷ್ಟು ಸರಳವಾಗಿಲ್ಲ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು 1971ರಿಂದ 2014ರವರೆಗಿನ ಚಿತ್ರಗಳನ್ನು ಹೋಲಿಸಿ ತುವಾಲುವಿನ ಒಟ್ಟು ನೆಲ ಶೇಕಡಾ 2.9ರಷ್ಟು ಹೆಚ್ಚಿದೆ ಎಂದು ತೋರಿಸಿತು. ಅಲೆಗಳು ಹವಳದ ಪುಡಿಯನ್ನು ಒಂದು ಕಡೆ ಕೊರೆದು ಇನ್ನೊಂದು ಕಡೆ ಗುಡ್ಡೆ ಹಾಕುತ್ತವೆ. ಅದೇ ಹೊತ್ತಿಗೆ ಕಡಲ ಮಟ್ಟ ಕಳೆದ ಮೂವತ್ತು ವರ್ಷದಲ್ಲಿ ಸುಮಾರು 15 ಸೆಂಟಿಮೀಟರ್ ಏರಿದೆ. ಎರಡೂ ನಿಜ. ನೆಲ ಉಳಿದಿದ್ದರೂ ಗೆಡ್ಡೆ ಕೊಳೆತರೆ, ಟ್ಯಾಂಕು ಬರಿದಾದರೆ ಬದುಕುವುದು ಕಷ್ಟ. ಆಸ್ಟ್ರೇಲಿಯಾದೊಂದಿಗೆ ಮಾಡಿಕೊಂಡ ಒಪ್ಪಂದ 2024ರಲ್ಲಿ ಜಾರಿಗೆ ಬಂದು, ವರ್ಷಕ್ಕೆ 280 ಜನ ಅಲ್ಲಿ ಹೋಗಿ ನೆಲೆಸಲು ಅವಕಾಶವಾಗಿದೆ. ಹೋಗುವುದೋ ಇರುವುದೋ ಎಂಬ ಮಾತು ಈಗ ಅಲ್ಲಿನ ಮನೆಮನೆಯಲ್ಲಿದೆ. ಅವರಾಗಿ ಎತ್ತಿದರೆ ಕೇಳಿ, ನೀವು ಕೆದಕಬೇಡಿ.

ಊಟ. ದ್ವೀಪದ ಊಟ ಮೀನು, ಅನ್ನ, ಡಬ್ಬಿ ಮಾಂಸ. ತರಕಾರಿ ಎಲ್ಲ ಹಡಗಿನಲ್ಲಿ ಬರಬೇಕು. ಹಡಗು ತಡವಾದರೆ ಈರುಳ್ಳಿಯೂ ಸಿಗುವುದಿಲ್ಲ. ತೈವಾನ್‌ನ ಕೃಷಿ ತಂಡ ನಡೆಸುವ ತೋಟವೊಂದಿದೆ, ತಂದ ಮಣ್ಣು ಮತ್ತು ಗೊಬ್ಬರದಲ್ಲಿ ಸೊಪ್ಪು, ಸೌತೆ, ಎಲೆಕೋಸು ಬೆಳೆದು ಮಾರುತ್ತಾರೆ. ಮಾರುವ ದಿನ ಯಾವುದೆಂದು ಇಳಿದ ದಿನವೇ ಕೇಳಿ, ಬೆಳಕು ಹರಿಯುವ ಹೊತ್ತಿಗೆ ಹೋಗಿ, ತಡವಾದರೆ ಖಾಲಿ. ಜೀಗುಜ್ಜೆ, ಬಾಳೆ, ಪಪ್ಪಾಯಿ, ತೆಂಗು ಇವೆ. ಜೀಗುಜ್ಜೆ ಕಾಯಿ ಸಿಕ್ಕರೆ ನಿಮಗೆ ಮಾಡುವ ವಿಧಾನ ಹೇಳಬೇಕಿಲ್ಲ, ಅವರಿಗೆ ಮಾಡಿ ಬಡಿಸಿ. ಅವರು ಸುಟ್ಟು ತಿನ್ನುತ್ತಾರೆ, ತೆಂಗಿನ ಹಾಲಿನಲ್ಲಿ ಬೇಯಿಸುತ್ತಾರೆ. ತೆಂಗಿನ ಹೊಂಬಾಳೆಯಿಂದ ಇಳಿಸಿದ ತಾಜಾ ನೀರಾ ಕೂಡ ಕೊಡುತ್ತಾರೆ, ಮಧ್ಯಾಹ್ನದ ಮೇಲೆ ಅದು ಹುಳಿಯುತ್ತದೆ.

ಅಡುಗೆಮನೆ ಇರುವ ಅತಿಥಿಗೃಹವನ್ನೇ ಹಿಡಿಯಿರಿ. ಇಬ್ಬರಿಗೆ ಆರು ದಿನ, ಮೇಲೆ ವಿಮಾನ ತಪ್ಪಿದರೆ ಎಂದು ಮೂರು ದಿನ, ಒಟ್ಟು ಒಂಬತ್ತು ದಿನದ ಲೆಕ್ಕ: ಅಕ್ಕಿ ಅಲ್ಲೇ ಸಿಗುತ್ತದೆ, ತೊಗರಿಬೇಳೆ ಒಂದೂವರೆ ಕಿಲೋ, ಅವಲಕ್ಕಿ ಒಂದು ಕಿಲೋ, ಹುರಿದ ರವೆ ಒಂದು ಕಿಲೋ, ಸಾರಿನ ಪುಡಿ, ಚಟ್ನಿ ಪುಡಿ, ಹುಣಸೆ ಸಾಕು. ಇದನ್ನೆಲ್ಲ ಬೆಂಗಳೂರಿನಿಂದ ಹೊರುವ ಬದಲು ಸುವಾದಲ್ಲಿ ಕೊಳ್ಳಿ. 1879ರಿಂದ 1916ರವರೆಗೆ ಕಬ್ಬಿನ ಗದ್ದೆಗೆ ಗಿರ್ಮಿಟ್ ಎಂಬ ಕೂಲಿ ಕರಾರಿನ ಮೇಲೆ ಭಾರತದಿಂದ ಬಂದವರ ಮಕ್ಕಳು ಮೊಮ್ಮಕ್ಕಳು ಫಿಜಿಯಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ, ಬೇಳೆ, ಹಿಟ್ಟು, ಮಸಾಲೆ ಎಲ್ಲ ಮಾಮೂಲಿ ಅಂಗಡಿಯಲ್ಲಿ ಸಿಗುತ್ತವೆ. ಮನೆಯಿಂದ ತರುವ ಪುಡಿಗಳು ಅಂಗಡಿಯ ಮುಚ್ಚಿದ ಪೊಟ್ಟಣದಲ್ಲೇ ಇರಲಿ. ಫಿಜಿಯ ಜೈವಿಕ ತಪಾಸಣೆ ಬಿಗಿ: ಜೇನು, ಹಸಿ ಕರಿಬೇವು, ಹಣ್ಣು, ಮೊಳೆಯಬಲ್ಲ ಹೆಸರುಕಾಳು ಕೊತ್ತಂಬರಿ ಬೀಜ ತರಲೇಬೇಡಿ. ತಿನ್ನುವುದು ಏನೇ ಇದ್ದರೂ ಫಾರಂನಲ್ಲಿ ಬರೆಯಿರಿ. ಬರೆದರೆ ಹೆಚ್ಚೆಂದರೆ ಪೊಟ್ಟಣ ಹೋಗುತ್ತದೆ, ಬರೆಯದಿದ್ದರೆ ದಂಡ. ಫುನಾಫುತಿಯಲ್ಲೂ ಇಳಿದ ಮೇಲೆ ಹಾಗೆಯೇ.

ಕುಡಿಯುವ ನೀರಿಗೆ ಸೆಕೆಯಲ್ಲಿ ತಲೆಗೆ ಮೂರರಿಂದ ನಾಲ್ಕು ಲೀಟರ್ ಬೇಕು. ಬಾಟಲಿ ನೀರು ಸಿಗುತ್ತದೆ, ಅದರ ಖಾಲಿ ಬಾಟಲಿ ದ್ವೀಪದ ಉತ್ತರ ತುದಿಯ ಕಸದ ಗುಡ್ಡೆಗೆ ಹೋಗುತ್ತದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತರುವುದನ್ನು ತುವಾಲು 2019ರಲ್ಲೇ ನಿಷೇಧಿಸಿದೆ. ಟ್ಯಾಂಕಿನ ನೀರನ್ನು ಕುದಿಬಂದ ಮೇಲೆ ಒಂದು ನಿಮಿಷ ಕುದಿಸಿ ಇಲ್ಲವೇ ಒಳ್ಳೆಯ ಸೋಸುವ ಬಾಟಲಿ ಬಳಸಿ. ಸ್ನಾನಕ್ಕೆ ಒಬ್ಬರಿಗೆ ಒಂದೇ ಬಕೆಟ್, ಹತ್ತು ಲೀಟರ್. ಷವರ್ ಇದ್ದರೂ ಬಕೆಟ್‌ನಲ್ಲೇ ಮಾಡಿ, ಬಟ್ಟೆ ಒಗೆದ ನೀರನ್ನು ಟಾಯ್ಲೆಟ್ಟಿಗೆ ಇಡಿ. ಇಳಿದ ತಕ್ಷಣ ಮನೆಯವರ ಟ್ಯಾಂಕು ಎಷ್ಟು ತುಂಬಿದೆ ಎಂದು ಕೇಳಿದರೆ ನಿಮ್ಮ ಬಗ್ಗೆ ಅವರಿಗೆ ನೆಮ್ಮದಿಯೂ ಆಗುತ್ತದೆ.

ಹಣ ಆಸ್ಟ್ರೇಲಿಯನ್ ಡಾಲರ್. 2025ರ ಏಪ್ರಿಲ್‌ವರೆಗೆ ದೇಶದಲ್ಲಿ ಒಂದೇ ಒಂದು ಎಟಿಎಂ ಇರಲಿಲ್ಲ. ಈಗ ಬಂದಿದೆ, ಆದರೂ ಭಾರತದ ಕಾರ್ಡ್ ನೆಚ್ಚಿಕೊಂಡು ಹೋಗಬೇಡಿ. ಇಬ್ಬರಿಗೆ ದಿನಕ್ಕೆ 200 ಡಾಲರ್ ಹಿಡಿದು ಒಂಬತ್ತು ದಿನದ್ದನ್ನು ನಗದಾಗಿ ಒಯ್ಯಿರಿ, 5, 10, 20ರ ನೋಟುಗಳೇ ಹೆಚ್ಚಿರಲಿ. ತುವಾಲುವಿನದೇ ನಾಣ್ಯಗಳು ಸಿಗುತ್ತವೆ, ಬೆಲೆ ಅದೇ, ಆಚೆ ಹೋದರೆ ನಡೆಯುವುದಿಲ್ಲ, ಖರ್ಚು ಮಾಡಿಯೇ ಬನ್ನಿ. ಪ್ಲಗ್ಗು ಆಸ್ಟ್ರೇಲಿಯಾ ಮಾದರಿ, ಓರೆ ಕಡ್ಡಿಯದು. ಅಡಾಪ್ಟರ್ ಸುವಾದಲ್ಲಿ ಕೊಳ್ಳಿ. ಇಂಟರ್ನೆಟ್ ಇದೆ ಎಂದು ನಂಬಿ ನಕ್ಷೆ, ಟಿಕೆಟ್‌ಗಳನ್ನು ಫೋನಿನಲ್ಲಿ ಇಳಿಸಿಕೊಳ್ಳದೆ ಹೋಗಬೇಡಿ.

ಓಡಾಟಕ್ಕೆ ಬಾಡಿಗೆ ಬೈಕು ಸಾಕು, ಒಂದು ಬೆಳಿಗ್ಗೆಯಲ್ಲಿ ಎರಡೂ ತುದಿ ಮುಟ್ಟಬಹುದು. ರನ್‌ವೇಯನ್ನು 1943ರಲ್ಲಿ ಅಮೆರಿಕದ ಸೇನೆ ಕಟ್ಟಿತು. ಅದಕ್ಕೆ ಹವಳ ಅಗೆದ ದೊಡ್ಡ ಗುಂಡಿಗಳಲ್ಲಿ ದಶಕಗಳ ಕಾಲ ಕಸ ಮತ್ತು ಕೊಳೆನೀರು ನಿಂತಿತ್ತು, 2015ರಲ್ಲಿ ಮರಳು ತುಂಬಿಸಿದರು. ವಿಮಾನವಿಲ್ಲದಾಗ ಅದು ಊರ ಆಟದ ಮೈದಾನ, ಸಂಜೆ ಎಲ್ಲರೂ ಅಲ್ಲೇ. ವಿಮಾನ ಬರುವ ಮುನ್ನ ಸೈರನ್ ಕೂಗುತ್ತದೆ, ಕೂಗಿದ ಕೂಡಲೇ ಬದಿಗೆ ಸರಿಯಿರಿ. ನಿಮ್ಮ ವಿಷಯಕ್ಕೆ ಸೇರಿದ್ದು ಇನ್ನೊಂದಿದೆ: ಮುಳುಗುವ ಜ್ವಾಲಾಮುಖಿಯ ಮೇಲೆ ಹವಳ ಬೆಳೆದು ಇಂಥ ದ್ವೀಪಗಳು ಹುಟ್ಟುತ್ತವೆ ಎಂದು ಡಾರ್ವಿನ್ ಹೇಳಿದ್ದನ್ನು ಪರೀಕ್ಷಿಸಲು 1896ರಿಂದ 1898ರ ನಡುವೆ ಲಂಡನ್ನಿನ ರಾಯಲ್ ಸೊಸೈಟಿ ಇಲ್ಲಿ ಕೊರೆಸಿದ ಕೊಳವೆಬಾವಿಯ ಜಾಗ. 1,114 ಅಡಿ ಹೋದರೂ ಬರೀ ಹವಳವೇ ಸಿಕ್ಕಿತು, ಅಗ್ನಿಶಿಲೆ ಮುಟ್ಟಲಿಲ್ಲ.

ಒಳಗಡಲಿನ ಪಶ್ಚಿಮಕ್ಕೆ 33 ಚದರ ಕಿಲೋಮೀಟರಿನ ಸಂರಕ್ಷಿತ ಪ್ರದೇಶವಿದೆ, ಆರು ಪುಟ್ಟ ದ್ವೀಪಗಳು ಸೇರಿ. ಅಲ್ಲಿಗೆ ಹೋಗಲು ದ್ವೀಪದ ಪಂಚಾಯಿತಿ, ಅಲ್ಲಿ ಕೌಪುಲೆ ಎನ್ನುತ್ತಾರೆ, ಅವರ ಮೂಲಕವೇ ದೋಣಿ ಗೊತ್ತು ಮಾಡಿ. ಒಂದು ದಿನ ಮೊದಲೇ ಹೇಳಬೇಕು. ದೋಣಿಯಲ್ಲಿ ಎಲ್ಲರಿಗೂ ಲೈಫ್ ಜಾಕೆಟ್, ಎರಡನೇ ಎಂಜಿನ್ ಅಥವಾ ರೇಡಿಯೊ ಇಲ್ಲದಿದ್ದರೆ ಹತ್ತಬೇಡಿ. ಒಳಗಡಲಾದರೂ ಗಾಳಿ ಎದ್ದರೆ ಮಧ್ಯಾಹ್ನ ಅಲೆ ದೊಡ್ಡದಾಗುತ್ತದೆ. ಈಜುವುದು ಒಳಗಡಲಿನ ಬದಿಗೆ ಮಾತ್ರ, ಹೊರಕಡಲಿನ ಸೆಳೆತ ಅಪಾಯ. ಹವಳದ ಮೇಲೆ ಬರಿಗಾಲಲ್ಲಿ ನಡೆಯಬೇಡಿ. ತರಚಿದರೆ ಸಾಬೂನು, ಶುದ್ಧ ನೀರಿನಲ್ಲಿ ಮೆತ್ತನೆ ಬ್ರಷ್‌ನಿಂದ ಹವಳದ ಚೂರು ಹೋಗುವಂತೆ ಉಜ್ಜಿ, ಪೊವಿಡೋನ್ ಅಯೋಡಿನ್ ಹಚ್ಚಿ, ಒಣಗಿರುವಂತೆ ನೋಡಿಕೊಳ್ಳಿ. ಚೂರು ಒಳಗುಳಿದರೆ ಎರಡು ಮೂರು ದಿನದಲ್ಲಿ ಕೀವು ಕಟ್ಟುತ್ತದೆ. ಇದನ್ನು ಓದುತ್ತಿರುವ ಮೀನು ತಿನ್ನುವವರಿಗೆ ಒಂದು ಮಾತು: ಹವಳದ ಬಂಡೆಯ ದೊಡ್ಡ ಮೀನುಗಳಲ್ಲಿ ಸಿಗುವಾಟೆರಾ ಎಂಬ ವಿಷ ಇರಬಹುದು, ಬೇಯಿಸಿದರೂ ಹೋಗುವುದಿಲ್ಲ, ಆಳಕಡಲಿನ ಟ್ಯೂನಾ ತಿನ್ನಿ. ದೇಶದಲ್ಲಿ ಇರುವುದು ಒಂದೇ ಆಸ್ಪತ್ರೆ, ಗಂಭೀರ ರೋಗಿಗಳನ್ನು ಫಿಜಿಗೆ ಸಾಗಿಸಬೇಕು. ವಿಮಾನದಲ್ಲಿ ಸಾಗಿಸುವ ಖರ್ಚನ್ನೂ ಕೊಡುವ ವಿಮೆ ಇಲ್ಲದೆ ಹೊರಡಬೇಡಿ.

ನಡವಳಿಕೆಯ ವಿಷಯದಲ್ಲಿ ನಮ್ಮವರಿಗೆ ಹೆಚ್ಚು ಹೇಳಬೇಕಿಲ್ಲ. ಮಂಡಿ ಮುಚ್ಚುವ ಬಟ್ಟೆ, ಈಜುವಾಗಲೂ. ಮನೆಯಾಪಾ ಎಂಬ ಊರ ಚಾವಡಿಗೆ ಚಪ್ಪಲಿ ಬಿಟ್ಟು ಹೋಗಿ ಚಕ್ಕಳಮಕ್ಕಳ ಹಾಕಿ ಕೂರುವುದು, ಹಿರಿಯರ ಎದುರು ಕಾಲು ಚಾಚದಿರುವುದು, ಕೂತವರ ಮುಂದೆ ದಾಟುವಾಗ ಬಗ್ಗಿ "ತುಲೊವು" ಎನ್ನುವುದು. ಭಾನುವಾರ ಇಡೀ ಊರು ಚರ್ಚಿಗೆ, ಅಂಗಡಿ ಮುಚ್ಚಿರುತ್ತವೆ. ಶನಿವಾರವೇ ಸಾಮಾನು ತಂದಿಡಿ, ಆ ದಿನ ಅಳತೆ, ಈಜು, ಬೈಕ್ ಸದ್ದು ಬೇಡ. ಮನೆ ಅಂಗಳದಲ್ಲೇ ಸಮಾಧಿಗಳಿರುತ್ತವೆ, ಅವುಗಳ ಮೇಲೆ ಚೀಲ ಇಡುವುದು, ಕೂರುವುದು ಮಾಡಬಾರದು. ಬಿದ್ದ ತೆಂಗಿನಕಾಯಿಗೂ ಒಡೆಯರಿದ್ದಾರೆ.

ಮನೆಯವರಿಗೆ ಏನು ಒಯ್ಯುವುದು ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ಸಿಹಿ ಡಬ್ಬ ಬೇಡ. ತುಕ್ಕು ಹಿಡಿಯದ ಸ್ಟೀಲಿನ ದೋಣಿ ಕೊಕ್ಕೆ ಹತ್ತು ಹನ್ನೆರಡು, ಅದಕ್ಕೆ ಸ್ಟೀಲ್ ಸ್ಕ್ರೂ, ಟ್ಯಾಂಕಿನ ಬಾಯಿಗೆ ಒಂದು ಮೀಟರ್ ಸ್ಟೀಲ್ ಜಾಲರಿ, ಬಿಸಿಲು ತಾಳುವ ಒಂದು ಟ್ಯೂಬ್ ಸಿಲಿಕೋನ್ ಅಂಟು. ಎಲ್ಲ ಸೇರಿ ಎರಡು ಕಿಲೋ ದಾಟುವುದಿಲ್ಲ, ಚೆಕ್-ಇನ್ ಚೀಲದಲ್ಲಿ ಹಾಕಿ. ಮನೆಯವರು ಒಪ್ಪಿದರೆ ಒಂದು ಬೆಳಿಗ್ಗೆ ನೀವೇ ಏಣಿ ಹತ್ತಿ ಜೋಡಿಸಿ, ದೋಣಿಗೆ ಪ್ರತಿ ಮೀಟರಿಗೆ ಅರ್ಧ ಸೆಂಟಿಮೀಟರ್ ಇಳಿಜಾರು ಕೊಟ್ಟು ಒಂದು ಚೊಂಬು ನೀರು ಸುರಿದು ಪರೀಕ್ಷಿಸಿ. ಬರುವಾಗ ಮುಗಿದ ಬ್ಯಾಟರಿ, ಖಾಲಿ ಪೊಟ್ಟಣ, ಹಾಳಾದ ಚಾರ್ಜರ್ ಎಲ್ಲ ನಿಮ್ಮ ಚೀಲದಲ್ಲೇ ಸುವಾಕ್ಕೆ ವಾಪಸ್ ಬರಲಿ. ಬೇಳೆ, ಅವಲಕ್ಕಿ ಉಳಿದಿದ್ದರೆ ಮನೆಯವರಿಗೆ ಕೊಡಿ, ಆದರೆ ನಿಮ್ಮ ವಿಮಾನ ನೌಸೊರಿಯಿಂದ ಹೊರಟಿದೆ ಎಂದು ನಿಲ್ದಾಣದಲ್ಲಿ ಖಚಿತವಾದ ಮೇಲೆ ಕೊಡಿ.